ಒಂದು ಬ್ರಾಕೆಟ್, ಹತ್ತಾರು ಕೈ: ಎಲ್ರಿಗೂ ದೊಡ್ಡ ಥ್ಯಾಂಕ್ಸ್

ಕೊನೆಗೂ ಆಯ್ತು ಕಣ್ರೋ! ಇಂಜಿನ್ನಿನ ಡಿಸ್ಟ್ರಿಬ್ಯೂಟರ್ (ಸ್ಪಾರ್ಕನ್ನ ಸಿಲಿಂಡರುಗಳಿಗೆ ಹಂಚೋದು) ಕಿತ್ತಾಕಿ, ಬ್ರಾಕೆಟ್ ಮಾಡಿ ಒಂದೊಂದು ಸ್ಪಾರ್ಕ್ ಪ್ಲಗ್ ಮೇಲೂ ಒಂದೊಂದು ಕಾಯಿಲ್ (ಸ್ಪಾರ್ಕಿಗೆ ಬೇಕಾದ ಹೈ ವೋಲ್ಟೇಜ್ ಕೊಡೋದು) ಕೂರಿಸೋ ಕೆಲಸ ಮುಗೀತು, ಗಾಡಿ ಹೈವೇಲಿ ದೂರ ಹೋಗಿ ಬಂತು, ಇಂಜಿನ್ ಫುಲ್ ಬಿಸಿ ಆದ್ಮೇಲೂ ಒಂದು ಮಿಸ್‌ಫೈರ್ ಇಲ್ಲ, ಐಡ್ಲಿಂಗಲ್ಲಿ ಬಾನೆಟ್ ಎತ್ತಿ ನೋಡಿದ್ರೆ ನಾಲ್ಕೂ ಕಾಯಿಲ್ ಅಲ್ಲಾಡದೆ ಕೂತಿವೆ. ನಾನೊಬ್ನೇ ಮಾಡ್ದೆ ಅಂತ ಹೇಳ್ಕೊಂಡ್ರೆ ಅದಕ್ಕಿಂತ ದೊಡ್ಡ ಸುಳ್ಳಿಲ್ಲ, ಅದಕ್ಕೇ ಇಷ್ಟುದ್ದ ಬರೀತಿರೋದು. ಹೆಸರು ಹಾಕ್ಬೇಡ ಮಾರಾಯ ಅಂತ ಕೆಲವ್ರು ಮೊದ್ಲೇ ಹೇಳಿದಾರೆ, ಸೋ ಯಾರ ಹೆಸರೂ ಹಾಕ್ತಿಲ್ಲ, ಓದೋವಾಗ ನಿಮಗೇ ಗೊತ್ತಾಗತ್ತೆ.

ವಿಷಯ ಗೊತ್ತಿಲ್ಲದವ್ರಿಗೆ ಸ್ವಲ್ಪ ಹೇಳ್ತೀನಿ. ಹಳೇ ಗಾಡೀಲಿ ನಾಲ್ಕು ಸಿಲಿಂಡರ್‌ಗೂ ಸೇರಿ ಒಂದೇ ಕಾಯಿಲ್, ಅಲ್ಲಿಂದ ಕರೆಂಟು ಡಿಸ್ಟ್ರಿಬ್ಯೂಟರ್ ಕ್ಯಾಪಿಗೆ ಬಂದು, ಒಳಗೆ ತಿರುಗೋ ರೋಟರಿಂದ ಹಾರಿ, ಉದ್ದುದ್ದ ಪ್ಲಗ್ ವೈರಲ್ಲಿ ಹೋಗ್ಬೇಕು. 1910ರ ಆಸುಪಾಸಲ್ಲಿ ಚಾರ್ಲ್ಸ್ ಕೆಟರಿಂಗ್ ಮಾಡಿದ ಬ್ಯಾಟರಿ-ಕಾಯಿಲ್ ಇಗ್ನಿಷನ್ನಿನ ವಂಶವೇ ಅದು, ಅದನ್ನ ಬೈಯ್ಯೋಕೆ ನಂಗೆ ಮನಸ್ಸಿಲ್ಲ, ಆದ್ರೆ ಕ್ಯಾಪ್ ಒಳಗೆ ತೇವ ಸೇರಿದ್ರೆ ಸಾಕು ಗಾಡಿ ಗೊರಗೊರ ಅನ್ನತ್ತೆ. ಇನ್ನೊಂದು ತೊಂದ್ರೆ ಟೈಮ್‌ದು. 6000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 6000 ಸುತ್ತು) ನಾಲ್ಕು ಸಿಲಿಂಡರಿಗೆ ಸೆಕೆಂಡಿಗೆ 200 ಸ್ಪಾರ್ಕ್ ಬೇಕು, ಅಂದ್ರೆ ಆ ಒಂಟಿ ಕಾಯಿಲಿಗೆ ಒಂದು ಸ್ಪಾರ್ಕಿಂದ ಇನ್ನೊಂದಕ್ಕೆ 5 ಮಿಲಿಸೆಕೆಂಡ್, ಅಷ್ಟರಲ್ಲೇ ಚಾರ್ಜೂ ಆಗ್ಬೇಕು ಸ್ಪಾರ್ಕೂ ಕೊಡ್ಬೇಕು. ಪ್ಲಗ್ಗಿಗೊಂದು ಕಾಯಿಲ್ ಇದ್ರೆ ಅದೇ ಸ್ಪೀಡಲ್ಲಿ ಒಂದೊಂದಕ್ಕೂ 20 ಮಿಲಿಸೆಕೆಂಡ್ ಸಿಗತ್ತೆ, ಆರಾಮಾಗಿ ಕೆಲಸ ಮಾಡ್ಕೊಂಡಿರತ್ತೆ.

ಆದ್ರೆ ನನ್ನ ಇಂಜಿನ್ ಇಂಥ ಕಾಯಿಲಿಗೆ ಅಂತ ಮಾಡಿದ್ದಲ್ಲ, ಕಾಯಿಲ್ ಬೇರೆ ಇಂಜಿನ್‌ದು. ಉದ್ದ ಬೇರೆ, ಬೋಲ್ಟ್ ಹಾಕೋ ಕಿವಿ ಇರೋ ಜಾಗ ಬೇರೆ, ಟ್ಯಾಪೆಟ್ ಕವರ್ (ಇಂಜಿನ್ನಿನ ಮೇಲ್ಮುಚ್ಚಳ) ಮೇಲೆ ಅದನ್ನ ಬಿಗಿಯೋಕೆ ಏನೂ ಇಲ್ಲ. ಕೇಳ್ದೋರೆಲ್ಲ "ಒಂದು ಪಟ್ಟಿ ಹಾಕು, ಬ್ರಾಕೆಟ್ ತಾನೇ" ಅಂದ್ರು. ಬ್ರಾಕೆಟ್ಟೇ ಇಲ್ಲಿ ಎಲ್ಲ! ಕಾಯಿಲ್ ಎಷ್ಟು ಆಳಕ್ಕೆ ಇಳೀಬೇಕು, ನೆಟ್ಟಗೆ ನಿಲ್ಬೇಕು ಅನ್ನೋದನ್ನ ತೀರ್ಮಾನ ಮಾಡೋದೇ ಅದು. ಮೇಲಾಯ್ತು ಅಂದ್ರೆ ಒಳಗಿನ ಸ್ಪ್ರಿಂಗ್ ಪ್ಲಗ್ಗಿಗೆ ಸರಿಯಾಗಿ ತಾಗಲ್ಲ, ಕೆಳಗಾಯ್ತು ಅಂದ್ರೆ ಬಿಗಿಯೋವಾಗ ಕಾಯಿಲ್ ಕಿವಿನೇ ಬಿರುಕು ಬಿಡತ್ತೆ, ಸಡಿಲ ಆಯ್ತು ಅಂದ್ರೆ ಕಾಯಿಲ್ ಅಲ್ಲಾಡಿ ಅಲ್ಲಾಡಿ ರಬ್ಬರ್ ಬೂಟ್ ಸವೆದು ಕನೆಕ್ಟರ್ ಪಿನ್ನೂ ತಿಂದ್ಹೋಗತ್ತೆ.

ಮೊದಲ ಥ್ಯಾಂಕ್ಸ್ ನನ್ನ ಮಗಳಿಗೆ. ಪ್ಲಗ್ ಕೂರೋ ಗುಂಡಿ ಆಳ ವರ್ನಿಯರಲ್ಲಿ ಅಳೆದಿದ್ದೆ, ಆದ್ರೆ ಸ್ಪ್ರಿಂಗ್ ನಿಜವಾಗ್ಲೂ ಎಷ್ಟು ಒತ್ತತ್ತೆ ಅಂತ ಕಣ್ಣಿಗೆ ಕಾಣಲ್ವಲ್ಲ. ಅವಳ ಆಟದ ಕ್ಲೇ ಇಸ್ಕೊಂಡು ಕಡಲೆಕಾಳಷ್ಟು ಉಂಡೆ ಪ್ಲಗ್ ತುದಿಗೆ ಅಂಟಿಸಿ, ರಟ್ಟಿನ ಬ್ರಾಕೆಟ್ ಇಟ್ಟು ಕಾಯಿಲ್ ಒತ್ತಿ, ಹೊರಗೆ ತೆಗೆದು ನೋಡಿದ್ರೆ ಸ್ಪ್ರಿಂಗ್ ಸುರುಳಿಯ ಅಚ್ಚು ಚೆನ್ನಾಗಿ ಬಿದ್ದಿರತ್ತೆ. ನಾಲ್ಕೂ ಗುಂಡೀಲೂ ಹಾಗೆ ನೋಡಿ ಆಮೇಲೇ ಎತ್ತರ ಫಿಕ್ಸ್ ಮಾಡಿದ್ದು. ಹಸಿರು ಕ್ಲೇ ಎಲ್ಲಾ ಖಾಲಿ ಮಾಡಿದ್ದಕ್ಕೆ ಪುಟ್ಟಿಗೆ ಹೊಸ ಡಬ್ಬ ಬಾಕಿ ಇದೆ.

ಎರಡ್ನೇದು ಶೀಟ್ ಬೆಂಡ್ ಮಾಡಿಕೊಟ್ಟ ಅಣ್ಣನಿಗೆ, ಇವ್ರಿಗೆ ಎಷ್ಟು ಹೇಳಿದ್ರೂ ಕಮ್ಮಿನೇ. ಮನೇಲಿ 6061-ಟಿ6 ಅಲ್ಯೂಮಿನಿಯಂ ಶೀಟ್ ಇತ್ತು, ಗಟ್ಟಿ ಮಾಲು, ಅದನ್ನೇ ತಗೊಂಡ್ಹೋದೆ. ಅಣ್ಣ ಶೀಟ್ ಮುಟ್ಟಿ ನೋಡಿ, "ಇದು ಮಿಲ್ಲಿಂಗಿಗೆ ಚೆಂದ, ಮಡಿಸೋಕೆ ಅಲ್ಲ, ಮಡಿಸಿದ ಕಡೆ ಹೊರಗೆ ಕೂದಲೆಳೆ ಬಿರುಕು ಬಿಡತ್ತೆ, ಇವತ್ತು ಕಾಣಲ್ಲ, ಇಂಜಿನ್ ಮೇಲೆ ನಡುಗಿ ನಡುಗಿ ಆಮೇಲೆ ಬಾಯಿ ಬಿಡತ್ತೆ" ಅಂತ ಹೇಳಿ ವಾಪಸ್ ಕಳಿಸಿದ್ರು. ದುಡ್ಡು ಬರೋ ಕೆಲಸಾನ ಬೇಡ ಅಂದವ್ರು! ಆಮೇಲೆ ಮಡಿಸೋಕೆ ಒಗ್ಗೋ 5052 ಅಲ್ಯೂಮಿನಿಯಂ ಶೀಟ್ ತರಿಸಿ, ಮಡಿಕೆಯ ಒಳಗಿನ ರೇಡಿಯಸ್ ಶೀಟ್ ದಪ್ಪಕ್ಕಿಂತ ಕಮ್ಮಿ ಆಗದ ಹಾಗೆ ನೋಡ್ಕೊಂಡ್ರು, ಡ್ರಾಯಿಂಗ್ ನೋಡಿ ಎರಡು ತೂತನ್ನ ಮಡಿಕೆಯಿಂದ ದೂರಕ್ಕೆ ತಳ್ಳಿಸಿದ್ರು, ಹತ್ರ ಇದ್ರೆ ಮಡಿಸೋವಾಗ ತೂತು ಎಳೆದು ಮೊಟ್ಟೆ ಆಕಾರ ಆಗತ್ತಂತೆ. ನನ್ನ ಹತ್ರ ಇದ್ದ ಯಾವ ಸಾಫ್ಟ್‌ವೇರೂ ಇದನ್ನ ಹೇಳಿರ್ಲಿಲ್ಲ.

ಚಿಕ್ಕಪ್ಪನ ಮಗಳು, ನಮ್ಮನೆ ಇಂಜಿನಿಯರ್, ನೀನಿಲ್ದಿದ್ರೆ ಈ ಬ್ರಾಕೆಟ್ ಇಂಜಿನ್ ನಡುಕದ ಜೊತೆ ಸೇರಿ ಹಾಡ್ತಿತ್ತು ಕಣೇ. ನಾಲ್ಕು ಸಿಲಿಂಡರ್ ಇಂಜಿನಲ್ಲಿ ಕ್ರಾಂಕ್ ಒಂದು ಸುತ್ತಿಗೆ ಎರಡು ಸಲ ದೊಡ್ಡ ನಡುಕ ಬರತ್ತೆ, 6000 ಆರ್‌ಪಿಎಂ ಅಂದ್ರೆ 200 ಹರ್ಟ್ಸ್ (ಸೆಕೆಂಡಿಗೆ 200 ಸಲ), ಬ್ರಾಕೆಟ್ಟಿನ ಸ್ವಂತ ಕಂಪನ, ಅಂದ್ರೆ ತಟ್ಟಿದ್ರೆ ಅದು ತಾನೇ ನಡುಗೋ ವೇಗ, ಅದಕ್ಕಿಂತ ಚೆನ್ನಾಗಿ ಮೇಲಿರ್ಬೇಕು ಅಂತ ಫೋನಲ್ಲೇ ಪಾಠ ಮಾಡಿದ್ಲು. ಶೀಟ್ 2 ಮಿಲಿಯಿಂದ 3 ಮಿಲಿ ಮಾಡಿದ್ರೆ ಬಿಗಿತನ ಒಂದೂವರೆ ಪಟ್ಟಲ್ಲ, ದಪ್ಪದ ಘನದ ಲೆಕ್ಕ, ಸುಮಾರು 3.4 ಪಟ್ಟು. ಅದಕ್ಕಿಂತ ಒಳ್ಳೇದು ಅಂದ್ರೆ ಉದ್ದದ ಕಡೆಯ ಅಂಚನ್ನ ಸ್ವಲ್ಪ ಮೇಲಕ್ಕೆ ಮಡಿಸಿಬಿಡು, ತೂಕ ಹೆಚ್ಚಾಗ್ದೆ ಇನ್ನೂ ಬಿಗಿ ಆಗತ್ತೆ ಅಂದ್ಲು. ಎರಡೂ ಮಾಡಿದ್ವಿ. ಕಾಯಿಲ್ ಸಮೇತ ಫಿಟ್ ಮಾಡಿ ಸ್ಕ್ರೂಡ್ರೈವರ್ ಹಿಡಿಯಿಂದ ಟಣ್ ಅಂತ ತಟ್ಟಿ, ಪಕ್ಕದಲ್ಲಿ ಮೊಬೈಲ್ ಇಟ್ಟು ರೆಕಾರ್ಡ್ ಮಾಡಿ ಅವಳಿಗೆ ಕಳಿಸಿದ್ರೆ ಗ್ರಾಫ್ ನೋಡಿ "ಓಕೆ ಹಾಕು" ಅಂತ ಎರಡೇ ಮಾತು. ಸ್ಟೀಲ್ ಯಾಕೆ ಬೇಡ ಅನ್ನೋ ಲೆಕ್ಕಾನೂ ಅವಳದ್ದೇ: ಸಿಲಿಂಡರುಗಳ ಮೇಲೆ ಕೂರೋ, ಪ್ಲಗ್ ಇರೋ ಹೆಡ್ ಅಲ್ಯೂಮಿನಿಯಂ, ಬಿಸಿಗೆ ಅದು ಸ್ಟೀಲಿಗಿಂತ ಹತ್ತತ್ರ ಎರಡು ಪಟ್ಟು ಹಿಗ್ಗತ್ತೆ, 300 ಮಿಲಿ ಉದ್ದಕ್ಕೆ 80 ಡಿಗ್ರಿ ಏರಿದ್ರೆ ಕಾಲು ಮಿಲಿಯಷ್ಟು ವ್ಯತ್ಯಾಸ ಬರತ್ತೆ. ಈಗ ಎರಡೂ ಅಲ್ಯೂಮಿನಿಯಂ, ಆದ್ರೂ ಒಂದು ತೂತು ಮಾತ್ರ ಗುಂಡಗೆ, ಉಳಿದಿದ್ದೆಲ್ಲ ಸರಿದಾಡೋಕೆ ಜಾಗ ಇರೋ ಉದ್ದನೆ ಸ್ಲಾಟ್, ಯಾಕಂದ್ರೆ ಮೇಲಿರೋ ಪ್ಲೇಟು ಹೆಡ್ಡಷ್ಟು ಬಿಸಿ ಆಗಲ್ಲ.

ಮೇಸ್ತ್ರಿಗಳೇ, ನಿಮ್ಮ ಕಾಲಿಗೆ ಬಿದ್ದೆ. ಟ್ಯಾಪೆಟ್ ಕವರ್ ಬೋಲ್ಟ್ ಅಡೀಲಿ ಬ್ರಾಕೆಟ್ ಸಿಗಿಸಿ ಬಿಗಿಯೋದು ಸುಲಭ, ತುಂಬಾ ಜನ ಹಾಗೇ ಮಾಡ್ತಾರೆ. "ಕೆಳಗೆ ರಬ್ಬರ್ ಗ್ಯಾಸ್ಕೆಟ್ ಇದೆ, ಅದರ ಒತ್ತಡದ ಜೊತೆ ಆಟ ಆಡ್ಬೇಡ, ಆಯಿಲ್ ಸೋರಿ ಪ್ಲಗ್ ಗುಂಡಿ ತುಂಬ್ಕೊಳತ್ತೆ, ಆಗ ನಿನ್ನ ಹೊಸ ಕಾಯಿಲ್ ಬೂಟೆಲ್ಲ ಊದಿಕೊಂಡು ಹಾಳು" ಅಂದ್ರಿ. ಕವರನ್ನ ತನ್ನ ಪಾಡಿಗೆ ಬಿಗಿಯೋ, ತಲೆ ಮೇಲೆ ಇನ್ನೊಂದು ಥ್ರೆಡ್ ಇರೋ ಸ್ಟಡ್ ಲೇತಲ್ಲಿ ಮಾಡಿಸಿಕೊಟ್ರಿ, ಬ್ರಾಕೆಟ್ ಆ ಮೇಲಿನ ಥ್ರೆಡ್ಡಲ್ಲಿ ಬೇರೆ ನಟ್ಟಿಂದ ಕೂತಿದೆ. ಕಾಯಿಲ್ ತೆಗೆದು ಪ್ಲಗ್ ಬಿಚ್ಚೋಕೆ ಕವರ್ ಮುಟ್ಟೋ ಅಗತ್ಯಾನೇ ಇಲ್ಲ. ಇದೊಂದು ಐಡಿಯಾಗೆ ಈ ಇಡೀ ಪ್ರಾಜೆಕ್ಟಲ್ಲಿ ನಾನು ಫಸ್ಟ್ ಪ್ರೈಜ್ ಕೊಡ್ತೀನಿ.

ವೈರಿಂಗ್ ಮತ್ತೆ ಇಸಿಯು (ಇಂಜಿನ್ ಕಂಪ್ಯೂಟರ್) ಸೆಟ್ಟಿಂಗ್ ನೋಡ್ಕೊಂಡ ಗೆಳೆಯ, ನಿಂದು ದೊಡ್ಡ ಕೆಲಸ ಅಂತ ಗೊತ್ತು, ಆದ್ರೆ ನಾನು ಅದರಲ್ಲಿ ಟಾರ್ಚ್ ಹಿಡಿದಿದ್ದಷ್ಟೇ, ವಿವರ ನೀನೇ ಬರಿ. ಒಳಗೇ ಇಗ್ನೈಟರ್ (ಕಾಯಿಲನ್ನ ಆನ್-ಆಫ್ ಮಾಡೋ ಸರ್ಕ್ಯೂಟ್) ಇರೋ ನಾಲ್ಕು ಪಿನ್ ಕಾಯಿಲ್ ತಗೋ, ಬೇರೆ ಮಾಡ್ಯೂಲ್ ತಲೆನೋವು ಬೇಡ ಅಂದಿದ್ದು, ಸಿಲಿಂಡರುಗಳಿಗೆ ಸ್ಪಾರ್ಕ್ ಹೋಗೋ 1-3-4-2 ಆರ್ಡರ್ ಪ್ರಕಾರ ಒಂದೊಂದು ವೈರಿಗೂ ಚೀಟಿ ಅಂಟಿಸಿದ್ದು, ಅರ್ಥ್ ವೈರನ್ನ ಬ್ರಾಕೆಟ್ಟಿಗೆ ನಂಬಿ ಬಿಡದೆ ನೇರ ಹೆಡ್ಡಿಗೇ ಹಾಕಿಸಿದ್ದು ಎಲ್ಲಾ ನೆನಪಿದೆ.

ಮನೆಯವಳಿಗೆ ಏನ್ ಹೇಳ್ಲಿ, ಡೈನಿಂಗ್ ಟೇಬಲ್ ಮೇಲೆ ಟ್ಯಾಪೆಟ್ ಕವರ್ ಇಟ್ಟುಕೊಂಡು ರಟ್ಟು ಕತ್ತರಿಸ್ತಿದ್ದವನನ್ನ ಸಹಿಸ್ಕೊಂಡಿದ್ದಾಳೆ. ಪ್ಲಾಸ್ಟಿಕ್ಕಲ್ಲಿ ತ್ರೀಡಿ ಪ್ರಿಂಟ್ ಮಾಡಿ ಟ್ರಯಲ್ ಪೀಸ್ ಕೊಟ್ಟ ಹುಡುಗನಿಗೂ ಥ್ಯಾಂಕ್ಸ್. ಅದು ಪಿಎಲ್ಎ, 60 ಡಿಗ್ರಿ ಹತ್ರ ಮೆತ್ತಗಾಗತ್ತೆ, ತಣ್ಣಗಿರೋ ಇಂಜಿನ್ ಮೇಲೆ ಅಳತೆ ನೋಡೋಕೆ ಮಾತ್ರ, ಅದನ್ನ ಹಾಕ್ಕೊಂಡು ಸ್ಟಾರ್ಟ್ ಮಾಡೋಕೆ ಯಾರೂ ಹೋಗ್ಬೇಡಿ.

ಡ್ರಾಯಿಂಗ್ ಬೇಕು ಅಂದವ್ರಿಗೆ ಫೈಲ್ ಕಳಿಸ್ತೀನಿ, ಫ್ರೀ, ಆದ್ರೆ ತೂತಿನ ಅಂತರ, ಗುಂಡಿ ಆಳ ಎರಡೂ ನಿಮ್ಮ ಇಂಜಿನಲ್ಲೇ ಅಳೆದು ತಿದ್ದಿಕೊಂಡು ಕಟಿಂಗಿಗೆ ಕೊಡಿ. ಮತ್ತೆ ಭಾವ, ಆ ಸಣ್ಣ ಟಾರ್ಕ್ ವ್ರೆಂಚ್ ಇನ್ನೂ ನನ್ನ ಹತ್ರಾನೇ ಇದೆ, ಎಂ6 ನಟ್ಟೆಲ್ಲ 8 ನ್ಯೂಟನ್ ಮೀಟರಿಗೆ ಬಿಗಿದಿದೀನಿ, ಬಿಸಿ ಆಗಿ ತಣ್ಣಗಾದ್ಮೇಲೆ ಇನ್ನೊಂದ್ಸಲ ಚೆಕ್ ಮಾಡಿ ಈ ವಾರ ತಂದುಕೊಡ್ತೀನಿ, ಅಕ್ಕನ ಹತ್ರ ಕಂಪ್ಲೇಂಟ್ ಮಾಡ್ಬೇಡಿ.