ಇನ್ನೊಂದು ರೊಟ್ಟಿ ಬಡಿಸದವರಿಗೆ

ಕಳೆದ ವಾರ ನಮ್ಮ ವೈದ್ಯೆ ಟೇಪು ಹಿಡಿದು ಅಳೆದಾಗ ನನ್ನ ಸೊಂಟದ ಸುತ್ತಳತೆ 87 ಸೆಂಟಿಮೀಟರ್ ಬಂತು. ಹಿಂದಿನ ವರ್ಷ ಶ್ರಾವಣದ ಹೊತ್ತಿಗೆ ಅದು 98 ಇತ್ತು. ತೂಕ 71 ಕಿಲೋದಿಂದ 62ಕ್ಕೆ ಇಳಿದಿದೆ. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 6.3 ಇದ್ದದ್ದು 5.6ಕ್ಕೆ ಬಂದಿದೆ. ಸ್ಕ್ಯಾನಿಂಗ್ ವರದಿಯಲ್ಲಿ ಎರಡನೇ ದರ್ಜೆಯ ಫ್ಯಾಟಿ ಲಿವರ್ (ಯಕೃತ್ತಿನಲ್ಲಿ ಕೊಬ್ಬು) ಎಂದಿದ್ದ ಜಾಗದಲ್ಲಿ ಈಗ ಮೊದಲ ದರ್ಜೆ ಎಂದಿದೆ. ಶಾಲೆಯಲ್ಲಿ, ಓಣಿಯಲ್ಲಿ, ಮದುವೆ ಮನೆಗಳಲ್ಲಿ ಸಿಕ್ಕವರೆಲ್ಲ ‘ಏನು ಮಾಡಿದಿರಿ ಟೀಚರ್?’ ಎಂದು ಕೇಳುತ್ತಿದ್ದಾರೆ. ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಉತ್ತರ ನನ್ನಲ್ಲಿಲ್ಲ. ನಾನು ಮಾಡಿದ್ದಕ್ಕಿಂತ ನನಗಾಗಿ ಬೇರೆಯವರು ಬಿಟ್ಟುಕೊಟ್ಟದ್ದೇ ಹೆಚ್ಚು. ಅದನ್ನು ಎಲ್ಲರೆದುರು ಬರೆದು ಹೇಳಬೇಕೆನ್ನಿಸಿತು.

ನಮ್ಮ ದಾವಣಗೆರೆಯಲ್ಲಿ ಪ್ರೀತಿ ತಟ್ಟೆಗೆ ಬೀಳುತ್ತದೆ. ನೆಂಟರು ಬಂದರೆ ಬೆಣ್ಣೆ ದೋಸೆ ತರಿಸದೆ ಕಳುಹಿಸುವುದಿಲ್ಲ. ಸಂಜೆ ನಾಲ್ಕು ಹನಿ ಮಳೆ ಬಿದ್ದರೆ ಮಂಡಕ್ಕಿ, ಮೆಣಸಿನಕಾಯಿ ಬಂದೇ ಬರುತ್ತವೆ. ಮದುವೆಯ ಪಂಕ್ತಿಯಲ್ಲಿ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೂ ಸಂದಿ ನೋಡಿ ಹೋಳಿಗೆ ಇಳಿಸುವ ಊರಿದು. ಇಲ್ಲಿ ಒಬ್ಬಳ ಹೊಟ್ಟೆ ಕರಗಬೇಕಾದರೆ ಎಷ್ಟೋ ಜನ ಬಡಿಸುವ ಕೈಯನ್ನು ತಡೆದುಕೊಳ್ಳಬೇಕು. ನನಗಾಗಿ ಹಾಗೆ ತಡೆದುಕೊಂಡವರು ಇದ್ದಾರೆ.

ಮೊದಲ ನಮಸ್ಕಾರ ನಮ್ಮ ಬಡಾವಣೆಯ ವೈದ್ಯೆಗೆ. ಅವರು ನನ್ನನ್ನು ಗದರಲಿಲ್ಲ, ನಾಚಿಸಲಿಲ್ಲ. ಲಂಗದ ಲಾಡಿ ಕಟ್ಟುವ ಜಾಗ ಬಿಟ್ಟು, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಹೊರಬಿಟ್ಟ ಮೇಲೆ ಅಳೆಯಬೇಕು ಎಂದು ಕಲಿಸಿಕೊಟ್ಟರು. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಿದರೆ ಎಚ್ಚರ ವಹಿಸಬೇಕು ಎಂದರು. ‘ಎರಡು ಸಿಸೇರಿಯನ್ ಆದ ಮೇಲೆ ಹೊಟ್ಟೆ ಬರುವುದೇ ಅಲ್ಲವೇ?’ ಎಂದು ನಾನು ಕೇಳಿದಾಗ ಅವರು ಕೊಟ್ಟ ವಿವರಣೆಯನ್ನು ಮರೆಯಲಾರೆ. ಚರ್ಮದ ಕೆಳಗಿನ ಕೊಬ್ಬೇ ಬೇರೆ, ಕರುಳು ಮತ್ತು ಯಕೃತ್ತಿನ ಸುತ್ತ ಸೇರುವ ಕೊಬ್ಬೇ ಬೇರೆ. ಒಳಗಿನದು ಸುಮ್ಮನೆ ಕೂರುವುದಿಲ್ಲ. ಅದರಿಂದ ಹೊರಟ ಕೊಬ್ಬಿನಾಮ್ಲಗಳು ನೇರ ಯಕೃತ್ತಿಗೆ ಹೋಗುತ್ತವೆ, ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್‌ನ ಮಾತನ್ನು ದೇಹ ಕೇಳದ ಹಾಗೆ ಮಾಡುತ್ತವೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿದಂತೆ, ಮೊದಲು ತೊಡೆ, ಪೃಷ್ಠಗಳಿಗೆ ಹೋಗುತ್ತಿದ್ದ ಕೊಬ್ಬು ಹೊಟ್ಟೆಯ ಕಡೆಗೆ ತಿರುಗುತ್ತದೆ. ಐವತ್ತರ ಅಂಚಿನಲ್ಲಿರುವ ನನ್ನಂಥವರಿಗೆ ಇದು ಗೊತ್ತಿರಲೇಬೇಕಾದ ಸಂಗತಿ. ಇಷ್ಟು ವರ್ಷ ಯಾರೂ ಹೇಳಿರಲಿಲ್ಲ.

ಅವರೇ ಒಂದು ಫೋಟೋದ ಕಥೆಯನ್ನೂ ಹೇಳಿದರು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯಡ್ಕಿನ್ ಅಕ್ಕಪಕ್ಕ ಇರುವ ಚಿತ್ರ 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ (ಬಿಎಂಐ) ಇಬ್ಬರೂ ಒಂದೇ, 22.3. ದೇಹದ ಕೊಬ್ಬು ಅಳೆದಾಗ ಮಾತ್ರ ಯಡ್ಕಿನ್ ಅವರಲ್ಲಿ ಶೇಕಡಾ 9.1, ಯಾಜ್ಞಿಕ್ ಅವರಲ್ಲಿ 21.2. ನಮ್ಮ ಜನ ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಹೊತ್ತಿರಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕೇ? 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಶೇಕಡಾ 39.5ರಷ್ಟು ಜನರಿಗೆ ಹೊಟ್ಟೆಯ ಬೊಜ್ಜಿದೆ. ನಮ್ಮ ಸ್ಟಾಫ್ ರೂಮಿನಲ್ಲಿ ಹತ್ತು ಜನ ಕುಳಿತಿದ್ದರೆ ನಾಲ್ವರ ಮಾತು ಅದು.

ಹೊಟ್ಟೆಗೆ ಬಿಗಿಯುವ ಪಟ್ಟಿ, ಕೊಬ್ಬು ಕರಗಿಸುವ ಪುಡಿ, ನೂರು ಸಲ ಮಲಗಿ ಎದ್ದು ಮಾಡುವ ಹೊಟ್ಟೆಯ ಕಸರತ್ತು, ಇವೆಲ್ಲದರ ಆಸೆಯನ್ನು ವೈದ್ಯೆ ಅಲ್ಲೇ ಬಿಡಿಸಿದರು. ಪಟ್ಟಿಯಿಂದ ಇಳಿಯುವುದು ಬೆವರು, ನೀರು ಕುಡಿದೊಡನೆ ಮರಳುತ್ತದೆ. ಹೊಟ್ಟೆಯ ಸ್ನಾಯು ದುಡಿದರೆ ಅದರ ಮೇಲಿರುವ ಕೊಬ್ಬೇ ಖರ್ಚಾಗಬೇಕೆಂಬ ನಿಯಮ ದೇಹದಲ್ಲಿಲ್ಲ. ಇಡೀ ಮೈಯಿಂದ ಕೊಬ್ಬು ಖರ್ಚಾಗುವಾಗ ಹೊಟ್ಟೆಯದೂ ಖರ್ಚಾಗುತ್ತದೆ, ಅದೂ ಒಳಗಿನದು ಮೊದಲು. ಕನ್ನಡಿಯಲ್ಲಿ ಏನೂ ಕಾಣದ ಆರಂಭದ ತಿಂಗಳುಗಳಲ್ಲಿ ಈ ಒಂದು ಮಾತು ನನಗೆ ಆಸರೆಯಾಯಿತು.

ಇನ್ನು ನನ್ನ ಅತ್ತೆಯವರು. ಅವರ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯಬೇಕು.

ಅವರು ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲೇ 1972ರ ಬರ ಬಂತು. ಜೋಳ ಅಳೆದು ಬೀಸಿದ ದಿನಗಳನ್ನು ಕಂಡವರು. ಅಂಥವರಿಗೆ ಉಣ್ಣುವವರ ತಟ್ಟೆ ಖಾಲಿ ಕಂಡರೆ ಕೈ ತಾನಾಗಿ ರೊಟ್ಟಿಯ ಬುಟ್ಟಿಗೆ ಹೋಗುತ್ತದೆ. ನಾನು ಮದುವೆಯಾಗಿ ಬಂದಂದಿನಿಂದ ಅವರು ನನಗೆ ಮಾಡಿದ ಅಕ್ಕರೆಯೆಲ್ಲ ‘ಇನ್ನೊಂದು ಹಾಕಿಸಿಕೊ’ ಎಂಬ ಮಾತಿನಲ್ಲಿತ್ತು. ವರದಿಯನ್ನು ಮುಂದಿಟ್ಟು ವಿವರಿಸಿದ ದಿನ ಅವರು ಏನೂ ಹೇಳಲಿಲ್ಲ. ಮರುದಿನ ಮಧ್ಯಾಹ್ನ ಎರಡು ರೊಟ್ಟಿ ಹಾಕಿ, ಬುಟ್ಟಿಗೆ ಬಟ್ಟೆ ಮುಚ್ಚಿ ಒಳಗಿಟ್ಟರು. ಆಮೇಲೆ ಕೇಳಿದರು: ‘ಹೊಟ್ಟೆ ತುಂಬಿತೇನವ್ವಾ?’ ಆ ಬುಟ್ಟಿ ಒಳಗಿಡಲು ಅವರಿಗೆ ಎಷ್ಟು ಕಷ್ಟವಾಗಿರಬೇಕು ಎಂದು ನನಗೆ ಗೊತ್ತು.

ತಟ್ಟೆಯಲ್ಲಿ ಖಾಲಿಯಾದ ಜಾಗವನ್ನು ಅವರು ಬೇರೆ ರೀತಿಯಲ್ಲಿ ತುಂಬಿದರು. ಮಡಕೆಕಾಳು, ಹೆಸರುಕಾಳು, ಅಲಸಂದೆ ದಿನಕ್ಕೊಂದು ಮೊಳಕೆ ಕಟ್ಟಿ ಪಲ್ಯ ಮಾಡಿದರು. ಪುಂಡಿಸೊಪ್ಪು, ಹಕ್ಕರಿಕೆ, ಹಸಿ ಮೆಂತ್ಯೆ, ಸೌತೆಕಾಯಿ, ಮೂಲಂಗಿ, ಗಜ್ಜರಿ ಮತ್ತೆ ತಟ್ಟೆಗೆ ಬಂದವು. ಗಟ್ಟಿ ಮೊಸರು, ಅಗಸೆ ಚಟ್ನಿಪುಡಿ. ‘ನಾವು ಸಣ್ಣವರಿದ್ದಾಗ ಉಂಡದ್ದೇ ಇದು’ ಎಂದು ಅವರು ಹೇಳಿದ್ದು ನಿಜ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಆಹಾರ ಮಾರ್ಗಸೂಚಿಯಲ್ಲಿ ತಟ್ಟೆಯ ಅರ್ಧ ಭಾಗ ತರಕಾರಿ ಮತ್ತು ಹಣ್ಣು ಇರಲಿ ಎಂದಿದೆ. ನಮ್ಮ ಅತ್ತೆ ಆ ಮಾರ್ಗಸೂಚಿಯನ್ನು ಓದಿದವರಲ್ಲ, ಆದರೆ ಅವರ ತಟ್ಟೆ ಅದಕ್ಕೆ ಸರಿಯಾಗಿ ಹೊಂದುತ್ತದೆ. ಬರಿ ಜೋಳ ತಿಂದರೆ ಸಕ್ಕರೆ ಏರುವುದಿಲ್ಲ ಎಂದು ನಂಬಿರುವವರಿಗೆ ಒಂದು ಮಾತು: ಜೋಳವೂ ಪಿಷ್ಟವೇ, ನಾಲ್ಕು ರೊಟ್ಟಿ ನಾಲ್ಕು ರೊಟ್ಟಿಯೇ. ಕಾಳು ಮತ್ತು ಸೊಪ್ಪು ಜೊತೆಗಿದ್ದಾಗ ಎರಡಕ್ಕೇ ತೃಪ್ತಿಯಾಗುತ್ತದೆ, ಅದೇ ಲಾಭ.

ಎಣ್ಣೆಯ ಲೆಕ್ಕವನ್ನೂ ಅವರೇ ಹಿಡಿದರು. ನಾಲ್ಕು ಜನರ ಮನೆಗೆ ತಿಂಗಳಿಗೆ ಐದು ಲೀಟರ್ ಬರುತ್ತಿತ್ತು, ಈಗ ಮೂರು. ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿ, ಪಿಷ್ಟದಲ್ಲಾಗಲಿ ಪ್ರೋಟೀನಿನಲ್ಲಾಗಲಿ 4. ಒಗ್ಗರಣೆಯ ಸೌಟು ಸಣ್ಣದಾದರೆ ಯಾರ ಹೊಟ್ಟೆಯೂ ಹಸಿಯುವುದಿಲ್ಲ, ಆದರೆ ತಿಂಗಳ ಕೊನೆಗೆ ಬಹಳ ಉಳಿಯುತ್ತದೆ.

ನನ್ನ ಯಜಮಾನರದು ಜವಳಿ ಅಂಗಡಿ. ಬಾಗಿಲು ಹಾಕಿ ಮನೆ ಸೇರುವಾಗ ರಾತ್ರಿ ಒಂಬತ್ತೂವರೆ. ಅವರು ಬಂದ ಮೇಲೆ ಬಡಿಸಿ, ಎಲ್ಲರದೂ ಆದ ಮೇಲೆ ನಾನು ಉಂಡು, ಪಾತ್ರೆಯ ತಳದಲ್ಲಿ ಉಳಿದ ಅನ್ನ ಚೆಲ್ಲಬಾರದೆಂದು ಅದನ್ನೂ ಮುಗಿಸಿ ಮಲಗುವುದು ಈ ಮನೆಯ ರೂಢಿ. ನಮ್ಮ ಎಷ್ಟೋ ಮನೆಗಳ ರೂಢಿ. ಹೆಂಗಸರ ಹೊಟ್ಟೆಯ ಕೊಬ್ಬಿನಲ್ಲಿ ಈ ‘ಉಳಿದದ್ದು’ ಎಷ್ಟು ಪಾಲು ಎಂದು ಯಾರಾದರೂ ಗಮನಿಸಬೇಕು. ಯಜಮಾನರು ಒಂದೇ ಮಾತಿನಲ್ಲಿ ಇದನ್ನು ಬದಲಿಸಿದರು: ‘ನೀನು ಏಳೂವರೆಗೆ ಉಂಡುಬಿಡು, ನಾನು ಬಿಸಿ ಮಾಡಿಕೊಳ್ಳುತ್ತೇನೆ.’ ಅಂದಿನಿಂದ ಅವರೇ ಬಿಸಿ ಮಾಡಿಕೊಳ್ಳುತ್ತಾರೆ. ಉಳಿದದ್ದನ್ನು ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡುತ್ತಾರೆ. ಊಟವಾದ ಮೇಲೆ ನಾನೂ ಅತ್ತೆಯೂ ಓಣಿಯ ಆ ತುದಿಯವರೆಗೆ ಹೋಗಿ ಬರುತ್ತೇವೆ. ಊಟದ ನಂತರ ಹತ್ತು ಹದಿನೈದು ನಿಮಿಷ ನಡೆದರೂ ಸಾಕು, ದುಡಿಯುವ ಸ್ನಾಯು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ರವಿವಾರದ ಬೆಣ್ಣೆ ದೋಸೆಯನ್ನು ಮನೆಗೆ ಕಟ್ಟಿಸಿಕೊಂಡು ಬರುವುದನ್ನೂ ಅವರು ಬಿಟ್ಟರು. ತಿಂಗಳಿಗೊಮ್ಮೆ ಇಬ್ಬರೂ ಹೋಟೆಲಿಗೇ ಹೋಗಿ, ಬೆಣ್ಣೆ ಕರಗುವುದನ್ನು ನೋಡುತ್ತ ಒಂದೊಂದು ತಿಂದು ಬರುತ್ತೇವೆ. ಆ ಒಂದು ದೋಸೆಯ ರುಚಿಯನ್ನು ನಾನು ಯಾವ ಪಥ್ಯಕ್ಕೂ ಬಿಟ್ಟುಕೊಡುವುದಿಲ್ಲ.

ನಮ್ಮ ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕಿಯವರ ಋಣ ಬೇರೆಯದು. ನಡಿಗೆಯೊಂದೇ ಸಾಕೆಂದುಕೊಂಡು ನಾನು ಕುಂದವಾಡ ಕೆರೆಯ ದಂಡೆಯಲ್ಲಿ ಬೆಳಗ್ಗೆ ನಡೆಯುತ್ತಿದ್ದೆ. ಅವರು ಜೊತೆಗೆ ಬಂದು ಮೊದಲು ವೇಗ ತಿದ್ದಿದರು: ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ಬಿರುಸು. ವಾರಕ್ಕೆ ಕನಿಷ್ಠ 150 ನಿಮಿಷ ಅಂಥ ನಡಿಗೆ, ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎರಡನೆಯದನ್ನು ನಾವು ಹೆಂಗಸರು ಕೇಳಿಸಿಕೊಳ್ಳುವುದೇ ಇಲ್ಲ ಎಂದು ಅವರಿಗೆ ಬೇಸರ. ಶಾಲೆಯ ಮೈದಾನದಲ್ಲಿ ಕುರ್ಚಿ ಹಿಡಿದು ಬಸ್ಕಿ ಹೊಡೆಸಿದರು. ಗೋಡೆಗೆ ಕೈ ಊರಿ ದಂಡ, ಆಮೇಲೆ ಬೆಂಚಿಗೆ ಕೈ ಊರಿ, ಈಗ ನೆಲದ ಮೇಲೆ ಮೊಣಕಾಲೂರಿ. ಐದು ಲೀಟರಿನ ನೀರಿನ ಕ್ಯಾನುಗಳೇ ನಮ್ಮ ತೂಕದ ಗುಂಡುಗಳು. ವಯಸ್ಸಾದಂತೆ ಸ್ನಾಯು ಕರಗುತ್ತ ಹೋಗುತ್ತದೆ, ಊಟ ಕಡಿಮೆ ಮಾಡಿ ಕೂತರೆ ಕೊಬ್ಬಿನ ಜೊತೆ ಅದೂ ಕರಗುತ್ತದೆ, ಅದನ್ನು ಉಳಿಸಿಕೊಂಡೇ ತೂಕ ಇಳಿಸಬೇಕು ಎಂಬುದು ಅವರ ಪಾಠ. ಚೂಡಿದಾರ್ ತೊಟ್ಟು ಬಸ್ಕಿ ಹೊಡೆಯುವ ಐವತ್ತರ ಹೆಂಗಸನ್ನು ಕಾಂಪೌಂಡಿನಾಚೆ ನಿಂತು ನೋಡುವವರಿದ್ದರು. ಅಂಥ ದಿನಗಳಲ್ಲಿ ಅವರು ನನ್ನ ಪಕ್ಕದಲ್ಲೇ ನಿಂತು ತಾವೂ ಎಣಿಸಿ ಹೊಡೆದರು.

ನಡುವೆ ಒಂದು ಕಾಲ ಬಂತು, ಟೇಪು ಇದ್ದಲ್ಲೇ ನಿಂತುಬಿಟ್ಟಿತು. ದಸರೆಯಿಂದ ಸಂಕ್ರಾಂತಿಯವರೆಗೆ ಹೆಚ್ಚುಕಡಿಮೆ ಏನೂ ಕದಲಲಿಲ್ಲ. ನನಗೆ ಅಳು ಬರುವಷ್ಟು ಬೇಸರವಾಗಿತ್ತು. ತೂಕ ಇಳಿದ ದೇಹಕ್ಕೆ ಮೊದಲಿನಷ್ಟು ಇಂಧನ ಬೇಡ, ಹಾಗಾಗಿ ಮೊದಲಿನ ಊಟ, ಮೊದಲಿನ ನಡಿಗೆಗೆ ಅದು ಅಲ್ಲೇ ನಿಲ್ಲುತ್ತದೆ ಎಂದು ವೈದ್ಯೆ ಸಮಾಧಾನ ಮಾಡಿದರು. ನಿದ್ದೆ ಎಷ್ಟು ಎಂದು ಕೇಳಿದರು. ಐದು ಗಂಟೆ. ನಿದ್ದೆಗೆಟ್ಟರೆ ಹಸಿವು ಹೆಚ್ಚುತ್ತದೆ, ಸಿಹಿ, ಕರಿದದ್ದರ ಕಡೆಗೆ ಮನಸ್ಸು ಎಳೆಯುತ್ತದೆ ಎಂದರು. ಬೆಂಗಳೂರಿನಲ್ಲಿರುವ ಮಗಳು ದಿನವೂ ರಾತ್ರಿ ಹತ್ತೂವರೆಗೆ ಫೋನ್ ಮಾಡುತ್ತಿದ್ದಳು, ಮಾತು ಹನ್ನೊಂದೂವರೆ ದಾಟುತ್ತಿತ್ತು. ವಿಷಯ ತಿಳಿದದ್ದೇ ಅವಳು ಆ ಹೊತ್ತನ್ನು ಎಂಟು ಗಂಟೆಗೆ ತಂದಳು. ಕಚೇರಿಯಿಂದ ಹಿಂದಿರುಗುವ ಮೆಟ್ರೋದಲ್ಲಿ ನಿಂತುಕೊಂಡೇ ಮಾತಾಡುತ್ತಾಳೆ. ಮಗಳೇ, ನಿನ್ನ ಆ ಗದ್ದಲದ ಫೋನಿನಿಂದ ನನಗೆ ಏಳು ಗಂಟೆಯ ನಿದ್ದೆ ಸಿಕ್ಕಿದೆ.

ಸ್ಟಾಫ್ ರೂಮಿನ ಗೆಳತಿಯರಿಗೆ, ಹುಟ್ಟುಹಬ್ಬಕ್ಕೆ ಪಫ್, ಕೇಕಿನ ಬದಲು ಪೇರಲೆ, ಪಪ್ಪಾಯಿ ಹೆಚ್ಚಿಟ್ಟದ್ದಕ್ಕೆ ವಂದನೆ. ನನಗಾಗಿ ಸಕ್ಕರೆಯಿಲ್ಲದ ಚಹಾವನ್ನು ಬೇರೆ ಫ್ಲಾಸ್ಕಿನಲ್ಲಿ ತಂದಿಡುವ ಆಯಾ ಅಕ್ಕನಿಗೂ.

ದೊಡ್ಡ ನಾದಿನಿಯವರ ಹೆಸರು ಹೇಳದೆ ಅವರ ಕ್ಷಮೆಯನ್ನೂ ನೆನೆಯುತ್ತೇನೆ. ಅವರ ಮನೆಯ ಗೃಹಪ್ರವೇಶದಲ್ಲಿ ನಾನು ಎರಡನೇ ಹೋಳಿಗೆ ಬೇಡವೆಂದಾಗ ಅವರಿಗೆ ನೋವಾಗಿತ್ತು. ‘ನಮ್ಮ ಮನೆಯದು ಸೇರಲಿಲ್ಲವೇ?’ ಎಂದಿದ್ದರು. ಯುಗಾದಿಗೆ ಹೋದಾಗ ಅವರೇ ಅರ್ಧ ಹೋಳಿಗೆಗೆ ಒಂದು ಚಮಚ ತುಪ್ಪ ಹಾಕಿ ತಂದು, ‘ಇಷ್ಟೇ, ಇನ್ನು ಕೇಳಿದರೂ ಇಲ್ಲ’ ಎಂದು ನಕ್ಕರು. ಆ ವಾರವೇ ತಮ್ಮ ಸಕ್ಕರೆಯನ್ನೂ ಪರೀಕ್ಷೆ ಮಾಡಿಸಿದರಂತೆ. ಅಕ್ಕಾ, ಆ ಅರ್ಧ ಹೋಳಿಗೆಯಷ್ಟು ರುಚಿಯಾದದ್ದನ್ನು ನಾನು ಈ ವರ್ಷ ತಿಂದಿಲ್ಲ.

ನನಗೆ ಇನ್ನೂ 80ಕ್ಕೆ ಇಳಿಯುವುದಿದೆ. ಈಗ ಮೈದಾನಕ್ಕೆ ನಮ್ಮ ಓಣಿಯ ನಾಲ್ವರು ಹೆಂಗಸರೂ ಬರುತ್ತಿದ್ದಾರೆ, ಕಲಿಸಲು ಶಿಕ್ಷಕಿಯವರು ಸಂತೋಷದಿಂದ ಒಪ್ಪಿದ್ದಾರೆ. ಮುಖ್ಯೋಪಾಧ್ಯಾಯರು ಗೇಟಿನ ಇನ್ನೊಂದು ಕೀಲಿಯನ್ನು ನನ್ನ ಕೈಗೆ ಕೊಟ್ಟಿದ್ದಾರೆ, ಅವರಿಗೂ ವಂದನೆ. ಬೆಳಗ್ಗೆ ಐದೂಮುಕ್ಕಾಲಿಗೆ ಬಾಗಿಲು ತೆರೆದಿರುತ್ತದೆ. ಬಿ.ಪಿ., ಸಕ್ಕರೆಗೆ ಮಾತ್ರೆ ತೆಗೆದುಕೊಳ್ಳುವವರು ಮೊದಲು ನಿಮ್ಮ ವೈದ್ಯರನ್ನು ಕೇಳಿಕೊಂಡು ಬನ್ನಿ. ಮೊಣಕಾಲು ನೋವಿರುವವರಿಗೆ ಕುರ್ಚಿಗಳಿವೆ, ನೀರಿನ ಕ್ಯಾನು ಮಾತ್ರ ನಿಮ್ಮ ಮನೆಯಿಂದ ತನ್ನಿ.