ಬೆಲ್ಟ್ ಗ್ರೈಂಡರ್: ಎಚ್‌ಪಿಗಿಂತ ಮೊದಲು ವೇಗದ ಲೆಕ್ಕ

ಮಾನ್ಯ ಸಂಪಾದಕರೇ,

ಚಾಕು ಮಾಡಲೆಂದು ಬೆಲ್ಟ್ ಗ್ರೈಂಡರ್ (ವೀಲುಗಳ ಮೇಲೆ ಓಡುವ ಉಜ್ಜುಪಟ್ಟಿಯಿಂದ ಉಕ್ಕು ತೇಯುವ ಯಂತ್ರ) ಜೋಡಿಸಿಕೊಳ್ಳುವವರು ಮೊದಲು ಕೇಳುವುದು ‘ಮೋಟಾರ್ ಎಷ್ಟು ಎಚ್‌ಪಿ ಇರಬೇಕು?’ ಎಂದು. 2 ಇಂಚು ಅಗಲ, 72 ಇಂಚು ಸುತ್ತಳತೆಯ ಬೆಲ್ಟಿಗೆ ಒಂದೂವರೆಯಿಂದ ಎರಡು ಎಚ್‌ಪಿ ಧಾರಾಳವಾಯಿತು. ಕೆಲಸ ಕೆಡುವುದು ಬೆಲ್ಟಿನ ವೇಗದಲ್ಲಿ, ವೀಲುಗಳ ನೇರದಲ್ಲಿ, ಬೆಲ್ಟಿನ ಹಿಂದೆ ಆಧಾರವಾಗಿ ನಿಲ್ಲುವ ಪಟ್ಟಿಯಾದ ಪ್ಲೇಟನ್ನಿನ ಸಪಾಟಿನಲ್ಲಿ. ಈ ಮೂರನ್ನು ಸರಿಪಡಿಸದೆ ಎಚ್‌ಪಿ ಏರಿಸಿದರೆ ಅಲಗು ಇನ್ನೂ ಬೇಗ ಹಾಳಾಗುತ್ತದೆ, ಅಷ್ಟೆ.

ವೇಗದ ಲೆಕ್ಕ ಕಷ್ಟವಿಲ್ಲ. ಮೋಟಾರ್ ವೀಲಿನ ವ್ಯಾಸವನ್ನು ಮೀಟರಿನಲ್ಲಿ ಬರೆದುಕೊಂಡು 3.14ರಿಂದ, ಆಮೇಲೆ ಆರ್‌ಪಿಎಂನಿಂದ (ನಿಮಿಷಕ್ಕೆ ತಿರುಗುವ ಸುತ್ತು) ಗುಣಿಸಿ, 60ರಿಂದ ಭಾಗಿಸಿ. 100 ಮಿ.ಮೀ. ವೀಲು 1,440 ಆರ್‌ಪಿಎಂನಲ್ಲಿ ತಿರುಗಿದರೆ ಬೆಲ್ಟ್ ಸೆಕೆಂಡಿಗೆ ಏಳೂವರೆ ಮೀಟರ್ ಓಡುತ್ತದೆ. 150 ಮಿ.ಮೀ. ವೀಲು 2,850ರಲ್ಲಿ ತಿರುಗಿದರೆ 22 ಮೀಟರ್ ದಾಟುತ್ತದೆ. ಒರಟು ಕೆಲಸಕ್ಕೆ ಹಾಕುವ 36 ಗ್ರಿಟ್ (ಹರಳಿನ ಅಳತೆ; ಸಂಖ್ಯೆ ಏರಿದಷ್ಟೂ ನಯ) ಸೆರಾಮಿಕ್ ಬೆಲ್ಟಿಗೆ ಈ ಎರಡನೆಯ ವೇಗ ಬೇಕು. ಅದರ ಹರಳುಗಳು ವೇಗ ಮತ್ತು ಒತ್ತಡಕ್ಕೆ ಒಡೆದು ಹೊಸ ಮೊನೆ ತೆರೆದುಕೊಳ್ಳುತ್ತವೆ. ನಿಧಾನವಾದರೆ ಮೊಂಡಾಗಿ ಉಕ್ಕಿನ ಮೇಲೆ ಬರೀ ಉಜ್ಜುತ್ತವೆ. ಅದೇ ವೇಗದಲ್ಲಿ 400 ಗ್ರಿಟ್ ಬೆಲ್ಟಿಗೆ ಹದ ಮಾಡಿದ (ಕಾಯಿಸಿ, ತಣಿಸಿ ಗಡಸು ಮಾಡಿದ) ಅಲಗನ್ನು ತಾಗಿಸಿದರೆ ಕತ್ತರಿಸುವ ಅಂಚಾದ ತೆಳುವಾದ ಬಾಯಿ ಕ್ಷಣದಲ್ಲಿ ನೀಲಿಗಟ್ಟುತ್ತದೆ.

ಹಾಗಾಗಿ ತ್ರೀ ಫೇಸ್ ಮೋಟಾರ್ ಮತ್ತು ವಿಎಫ್‌ಡಿ (ಮೋಟಾರಿನ ವೇಗ ಏರಿಸಿ ಇಳಿಸುವ ಸಾಧನ) ತೆಗೆದುಕೊಳ್ಳಿ. ಸಿಂಗಲ್ ಫೇಸ್ ವಿದ್ಯುತ್ ಪಡೆದು ತ್ರೀ ಫೇಸ್ ಕೊಡುವ ವಿಎಫ್‌ಡಿ ಇರುತ್ತದೆ. ಕೆಪಾಸಿಟರ್ ಇರುವ ಸಿಂಗಲ್ ಫೇಸ್ ಮೋಟಾರಿಗೆ ಫ್ಯಾನ್ ರೆಗ್ಯುಲೇಟರಿನಂಥದ್ದನ್ನು ಸಿಕ್ಕಿಸಿ ವೇಗ ಇಳಿಸಲು ಹೊರಟರೆ ಸುರುಳಿ ಬಿಸಿಯಾಗಿ ಸುಡುತ್ತದೆ. ಪ್ಲೇಟನ್ನಿನ ಮುಂದೆ ಬೆಲ್ಟ್ ಕೆಳಮುಖವಾಗಿ ಓಡಬೇಕು. ತಿರುಗುವ ದಿಕ್ಕು ಉಲ್ಟಾ ಬಂದರೆ ವಿದ್ಯುತ್ ಪೂರ್ತಿ ತೆಗೆದು, ವಿಎಫ್‌ಡಿಯಿಂದ ಮೋಟಾರಿಗೆ ಹೋಗುವ ಮೂರು ವೈರುಗಳಲ್ಲಿ ಯಾವುದಾದರೂ ಎರಡನ್ನು ಅದಲು ಬದಲು ಮಾಡಿ. ಉಕ್ಕಿನ ಪುಡಿ ವಿದ್ಯುತ್ ಹರಿಸುತ್ತದೆಂಬುದನ್ನು ಮರೆಯಬಾರದು. ವಿಎಫ್‌ಡಿ ಧೂಳು ನುಗ್ಗದ ಮುಚ್ಚಿದ ಡಬ್ಬಿಯಲ್ಲಿರಲಿ, ಮೋಟಾರೂ ಪೂರ್ತಿ ಮುಚ್ಚಿದ ಮಾದರಿಯದೇ ಆಗಿರಲಿ.

ಇನ್ನು ಬೆಲ್ಟ್ ಪಕ್ಕಕ್ಕೆ ಜಾರುವ ಕಾಟ. ಎಲ್ಲರೂ ಮೊದಲು, ಒಂದು ವೀಲನ್ನು ಓರೆಮಾಡಿ ಬೆಲ್ಟನ್ನು ಪಕ್ಕಕ್ಕೆ ಸರಿಸುವ ಟ್ರ್ಯಾಕಿಂಗ್ ಸ್ಕ್ರೂ ತಿರುಗಿಸುತ್ತಾರೆ; ತಪ್ಪು ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ಮೋಟಾರ್ ವೀಲು, ಪ್ಲೇಟನ್ನಿನ ಮೇಲಿನ ಮತ್ತು ಕೆಳಗಿನ ವೀಲು, ಟ್ರ್ಯಾಕಿಂಗ್ ವೀಲು ಇವುಗಳ ನಡುಗೆರೆ ಒಂದೇ ಸಮದಲ್ಲಿರಬೇಕು. ಉದ್ದನೆಯ ನೇರ ಪಟ್ಟಿಯನ್ನು ವೀಲುಗಳ ಪಕ್ಕಕ್ಕೆ ಒತ್ತಿಹಿಡಿದು ನೋಡಿ. ಅಗಲ ಬೇರೆ ಬೇರೆ ಇದ್ದರೆ ವ್ಯತ್ಯಾಸದ ಅರ್ಧವನ್ನು ಲೆಕ್ಕಕ್ಕೆ ಹಿಡಿಯಿರಿ. ವಾಷರ್ ಹಾಕಿ ಸರಿಮಾಡಿ. ಟ್ರ್ಯಾಕಿಂಗ್ ವೀಲಿನ ಮೈ ನಡುವೆ ತುಸು ಉಬ್ಬಿರಬೇಕು, ಬೆಲ್ಟನ್ನು ಹಿಡಿದಿಡುವುದು ಆ ಉಬ್ಬೇ. ಖಾಲಿ ಓಡುವಾಗ ಸರಿಯಿದ್ದು, ಅಲಗು ಒತ್ತಿದ ಕೂಡಲೇ ಬೆಲ್ಟ್ ಸರಿಯುತ್ತಿದ್ದರೆ ಟೆನ್ಷನ್ ಸಾಲದು ಇಲ್ಲವೇ ಟ್ರ್ಯಾಕಿಂಗ್ ತೋಳಿನ ಕೀಲು ಸಡಿಲ. ತೋಳನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿ, ಗೊತ್ತಾಗುತ್ತದೆ. ಹೊಸ ಬೆಲ್ಟನ್ನು ಅದರ ಹಿಂಬದಿಯ ಬಾಣದ ಗುರುತಿನಂತೆ ಹಾಕಿ, ಮೊದಲು ಕೈಯಿಂದಲೇ ನಾಲ್ಕು ಸುತ್ತು ತಿರುಗಿಸಿ. ಆಮೇಲೆ ಕಡಿಮೆ ವೇಗದಲ್ಲಿ ಚಾಲೂ ಮಾಡಿ.

ಪ್ಲೇಟನ್ನಿನ ಮುಖ ಎರಡು ವೀಲುಗಳ ಗೆರೆಗಿಂತ ಎರಡು ಮೂರು ಮಿ.ಮೀ. ಮುಂದಿರಲಿ. ಬರೀ ಮೈಲ್ಡ್ ಸ್ಟೀಲ್ ಪಟ್ಟಿಯಾದರೆ ಬೆಲ್ಟಿನ ಬೆನ್ನು ಉಜ್ಜಿ ಉಜ್ಜಿ ಅದರಲ್ಲಿ ತಗ್ಗು ಬೀಳುತ್ತದೆ, ಆಮೇಲೆ ಎಷ್ಟು ಹುಷಾರಾಗಿ ಹಿಡಿದರೂ ಅಲಗಿನ ಇಳಿಜಾರು ಸಪಾಟಾಗುವುದಿಲ್ಲ. ಶಾಖ ತಡೆಯುವ ಸೆರಾಮಿಕ್ ಗಾಜಿನ ಪಟ್ಟಿಯನ್ನು ಎಪಾಕ್ಸಿಯಿಂದ ಅಂಟಿಸಿ. ಅಂಟಿಸುವ ಮುನ್ನ ಎರಡೂ ಮುಖಗಳನ್ನು ಅಸಿಟೋನಿನಲ್ಲಿ ಒರೆಸಿ, ಗಾಜಿನ ಕೆಳಗೆ ಆಧಾರಕ್ಕೆ ಒಂದು ಸಣ್ಣ ಕಟ್ಟೆ ಕೊಡಿ. ಎಪಾಕ್ಸಿ ಬಿಸಿಗೆ ಮೆತ್ತಗಾದರೆ ಗಾಜು ಕೆಳಕ್ಕೆ ಜಾರದಂತೆ ತಡೆಯುವುದು ಆ ಕಟ್ಟೆಯೇ. ಹಿಡಿಯ ಬಳಿ ಇಳಿಜಾರು ಶುರುವಾಗುವ ಗೆರೆ ನುಣುಪಾಗಿ ಬರಲು ಬೆಲ್ಟಿನ ಅಂಚು ಪ್ಲೇಟನ್ನಿನಿಂದ ಒಂದೆರಡು ಮಿ.ಮೀ. ಹೊರಚಾಚಿರಬೇಕು. ಆಗ ಅಂಚು ತುಸು ಬಾಗಿ ಮೃದುವಾದ ತಿರುವು ಕೊಡುತ್ತದೆ, ಇಲ್ಲದಿದ್ದರೆ ಗೀರು ಬೀಳುತ್ತದೆ.

ಹದ ಮಾಡುವ ಮುನ್ನ ಬಾಯಿಯಲ್ಲಿ ಮುಕ್ಕಾಲು ಮಿ.ಮೀ.ನಷ್ಟು ದಪ್ಪ ಉಳಿಸಿ. ಅದಕ್ಕಿಂತ ತೆಳುವಾದರೆ ತಣಿಸುವಾಗ ಸೊಟ್ಟಗಾಗುತ್ತದೆ. ಹದವಾದ ಮೇಲೆ ಪ್ರತಿ ಎಳೆತಕ್ಕೂ ನೀರಿಗದ್ದಿ, ಬರಿಗೈಯಲ್ಲೇ ಹಿಡಿಯಿರಿ. ಬಿಸಿ ಬೆರಳಿಗೆ ತಿಳಿಯಬೇಕು, ಬಟ್ಟೆಯ ಕೈಗವಸು ಬೆಲ್ಟಿಗೆ ಸಿಕ್ಕಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಟೆಂಪರ್ ಮಾಡಿದ (ಗಡಸಾದ ಮೇಲೆ ಪೆಡಸು ತಗ್ಗಲು ಮತ್ತೆ ಕಾಯಿಸಿದ) ಕಾರ್ಬನ್ ಉಕ್ಕು ನೀಲಿಯಾಯಿತೆಂದರೆ 300ರ ಹತ್ತಿರ ಕಾದಿದೆ, ಅಲ್ಲಿ ಗಡಸು ಇಳಿದಿದೆ. ಆಮೇಲೆ ನೀರಿಗದ್ದಿದರೆ ಅದು ಮರಳಿ ಬಾರದು. ನೀಲಿಯಾದ ಭಾಗವನ್ನು ಪೂರ್ತಿ ತೆಗೆಯಿರಿ, ಇಲ್ಲವೇ ಮತ್ತೆ ಹದ ಮಾಡಿ.

ಕನ್ನಡಕ, ಧೂಳು ಸೋಸುವ ಒಳ್ಳೆಯ ಮಾಸ್ಕ್ ಇಲ್ಲದೆ ಸ್ವಿಚ್ ಮುಟ್ಟಬೇಡಿ. ಕಿಡಿ ಬೀಳುವಲ್ಲಿ ನೀರಿನ ಬಕೆಟ್ ಇಡಿ. ಹಿಡಿಯ ಮರ ಉಜ್ಜುವ ಮುನ್ನ ಉಕ್ಕಿನ ಪುಡಿಯನ್ನು ಗುಡಿಸಿ ತೆಗೆಯಿರಿ, ಮರದ ಪುಡಿ ಬಿದ್ದಲ್ಲಿ ಉಕ್ಕು ಹಿಡಿಯಬೇಡಿ. ಒಟ್ಟುಗೂಡಿದ ಪುಡಿಗೆ ಕಿಡಿ ತಾಗಿದರೆ ಹೊಗೆ ಕಾಣದೆ ಒಳಗೊಳಗೇ ಕನಲಿ, ಬೀಗ ಹಾಕಿ ಹೋದ ಮೇಲೂ ಹೊತ್ತಿಕೊಳ್ಳಬಹುದು.

ಇಂತಿ,
ತಮ್ಮ ಓದುಗ