ಹಲ್ಲು ಕಟ್ಟುವವರ ಕಲಿಕೆಗೂ ಮಾನ್ಯತೆ ಸಿಗಲಿ

ಮಾನ್ಯ ಸಂಪಾದಕರೇ,

ಪಿಯುಸಿ ಫಲಿತಾಂಶದ ಬೆನ್ನಲ್ಲೇ ನಿಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಅರೆವೈದ್ಯಕೀಯ ಕೋರ್ಸ್‌ಗಳ ಪಟ್ಟಿಯಲ್ಲಿ ಲ್ಯಾಬ್ ಟೆಕ್ನಿಷಿಯನ್, ಎಕ್ಸ್‌ರೇ, ಡಯಾಲಿಸಿಸ್, ಆಪರೇಷನ್ ಥಿಯೇಟರ್ ಎಲ್ಲವೂ ಇದ್ದವು. ಹಲ್ಲು ಕಟ್ಟುವವರ, ಅಂದರೆ ಡೆಂಟಲ್ ಮೆಕ್ಯಾನಿಕ್, ಕೋರ್ಸ್ ಮಾತ್ರ ಇರಲಿಲ್ಲ. ಇದಕ್ಕಾಗಿ ಪತ್ರಿಕೆಯನ್ನು ದೂರುವ ಉದ್ದೇಶ ನನಗಿಲ್ಲ. ಶಿವಮೊಗ್ಗದ ಡೆಂಟಲ್ ಲ್ಯಾಬ್ ಒಂದರಲ್ಲಿ ದುಡಿಯುತ್ತಿರುವ ನನ್ನನ್ನು ನನ್ನ ನೆಂಟರಲ್ಲೇ ಹಲವರು ಹಲ್ಲಿನ ಡಾಕ್ಟರ ಕಾಂಪೌಂಡರ್ ಎಂದೇ ತಿಳಿದಿದ್ದಾರೆ. ಬಾಯಿ ನೋಡುವವರು, ಅಳತೆ ತೆಗೆಯುವವರು ವೈದ್ಯರು. ಆ ಅಳತೆಯಿಂದ ಕಟ್ಟುಹಲ್ಲಿನ ಸೆಟ್ಟು, ಹಲ್ಲಿಗೆ ತೊಡಿಸುವ ಕ್ಯಾಪು, ಬಿದ್ದ ಹಲ್ಲಿನ ಜಾಗ ತುಂಬುವ ಬ್ರಿಡ್ಜುಗಳನ್ನು ತಯಾರಿಸಿಕೊಡುವವರು ಬೇರೆಯೇ ಇದ್ದಾರೆ ಎಂಬುದು ಹಲ್ಲು ಕಟ್ಟಿಸಿಕೊಂಡವರಿಗೂ ಸಾಮಾನ್ಯವಾಗಿ ಗೊತ್ತಿರುವುದಿಲ್ಲ.

ಕಾನೂನಿಗೆ ಮಾತ್ರ ಇದು ಮೊದಲಿನಿಂದಲೂ ಗೊತ್ತಿದೆ. 1948ರ ದಂತವೈದ್ಯರ ಕಾಯ್ದೆಯು ದಂತವೈದ್ಯರ ಜೊತೆಗೆ ಡೆಂಟಲ್ ಹೈಜೀನಿಸ್ಟ್ (ಹಲ್ಲು ಶುಚಿಗೊಳಿಸುವವರು) ಮತ್ತು ಡೆಂಟಲ್ ಮೆಕ್ಯಾನಿಕ್ ಎಂಬ ಎರಡು ವೃತ್ತಿಗಳನ್ನು ಪ್ರತ್ಯೇಕವಾಗಿ ಹೆಸರಿಸಿ, ಕಟ್ಟುಹಲ್ಲು ಮತ್ತು ಹಲ್ಲಿಗೆ ಸಂಬಂಧಿಸಿದ ಸಾಧನಗಳನ್ನು ತಯಾರಿಸುವ ಅಥವಾ ದುರಸ್ತಿ ಮಾಡುವವರನ್ನು ಡೆಂಟಲ್ ಮೆಕ್ಯಾನಿಕ್ ಎಂದು ಕರೆದು, ಅವರ ಹೆಸರನ್ನು ರಾಜ್ಯಮಟ್ಟದಲ್ಲಿ ನೋಂದಾಯಿಸಬೇಕೆಂದು ವಿಧಿಸಿತ್ತು. ಮೊದಲ ಬಾರಿಗೆ ಆ ನೋಂದಣಿ ಆರಂಭಿಸುವಾಗ, ಅದುವರೆಗೆ ಈ ಕೆಲಸದಿಂದಲೇ ಜೀವನ ಸಾಗಿಸುತ್ತಿದ್ದವರಿಗೂ ಹೆಸರು ಬರೆಸಲು ಅವಕಾಶ ಕೊಟ್ಟಿತ್ತು. ಆಮೇಲೆ ಪಿಯುಸಿ ವಿಜ್ಞಾನದ ನಂತರದ ಎರಡು ವರ್ಷದ ಡಿಪ್ಲೊಮಾ ಬಂತು. ಈಗ 2023ರ ರಾಷ್ಟ್ರೀಯ ದಂತ ಆಯೋಗ ಕಾಯ್ದೆ ಬಂದು, ಹಳೆಯ ವ್ಯವಸ್ಥೆಯ ಜಾಗದಲ್ಲಿ ಹೊಸತನ್ನು ಕಟ್ಟುವ ಕಾಲ ಇದು. ಹಾಗಾಗಿ, ಕೆಲಸ ಬಲ್ಲವರಾದರೂ ಸರ್ಟಿಫಿಕೇಟ್ ಇಲ್ಲದ ಹುಡುಗರ ವಿಷಯವನ್ನು ಈಗಲೇ ಎತ್ತುವುದು ಸೂಕ್ತವೆಂದು ಭಾವಿಸಿ ಈ ಪತ್ರ ಬರೆಯುತ್ತಿದ್ದೇನೆ.

ಅವರು ಕಲಿಯುವುದು ಹೇಗೆ ಎಂಬುದನ್ನು ಸ್ವಲ್ಪ ವಿವರಿಸಬೇಕು. ತೀರ್ಥಹಳ್ಳಿ, ಹೊಸನಗರ, ಸೊರಬದ ಕಡೆಯಿಂದ ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಕಲಾ ವಿಭಾಗ ಮುಗಿಸಿದ ಹುಡುಗನೊಬ್ಬ ಪರಿಚಯದವರ ಮೂಲಕ ಲ್ಯಾಬಿಗೆ ಬರುತ್ತಾನೆ. ಆರಂಭದಲ್ಲಿ ಅವನ ಪಾಲಿಗೆ ಬರುವುದು ಪ್ಲಾಸ್ಟರ್ ಕಲಸುವ, ಅಚ್ಚು ಹೊಯ್ಯುವ, ಫ್ಲಾಸ್ಕ್ (ಸೆಟ್ಟು ಬೇಯಿಸುವ ಲೋಹದ ಡಬ್ಬಿ) ತೊಳೆಯುವ ಕೆಲಸ. ಕೆಲವು ತಿಂಗಳಲ್ಲಿ ಮೇಲಿನ, ಕೆಳಗಿನ ದವಡೆ ಕೂಡುವ ಅಳತೆಗೆ ಬೇಕಾದ ಮೇಣದ ಬೈಟ್ ಕಟ್ಟುತ್ತಾನೆ, ಟ್ರಿಮ್ಮಿಂಗ್ ಮತ್ತು ಪಾಲಿಶ್ ಕಲಿಯುತ್ತಾನೆ. ದವಡೆಯ ಚಲನೆಯನ್ನು ಅನುಕರಿಸುವ ಆರ್ಟಿಕ್ಯುಲೇಟರ್ ಎಂಬ ಉಪಕರಣದ ಮೇಲೆ ಹಲ್ಲು ಜೋಡಿಸುವ ಕೆಲಸ ಅವನ ಕೈಗೆ ಬರುವುದು ಹಿರಿಯರಿಗೆ ನಂಬಿಕೆ ಬಂದ ಮೇಲೆ. ಕೈ ಪಳಗುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ಮಾಡುತ್ತಿರುವುದಕ್ಕೆ ಕಾರಣ ತಿಳಿಯುವುದಿಲ್ಲ, ಏಕೆಂದರೆ ಹೇಳಿಕೊಟ್ಟವರಿಗೂ ಯಾರೂ ಕಾರಣ ಹೇಳಿಕೊಟ್ಟಿರುವುದಿಲ್ಲ.

ಕಾರಣ ತಿಳಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಸೆಟ್ಟು ಬೇಯಿಸುವ ಕೆಲಸವನ್ನೇ ತೆಗೆದುಕೊಳ್ಳಬಹುದು. ಮೇಣದಲ್ಲಿ ಜೋಡಿಸಿದ ಹಲ್ಲನ್ನು ಫ್ಲಾಸ್ಕಿನೊಳಗೆ ಪ್ಲಾಸ್ಟರಿನಲ್ಲಿ ಹುದುಗಿಸಿ, ಕುದಿಯುವ ನೀರಿನಿಂದ ಮೇಣ ತೆಗೆದು, ಆ ಜಾಗಕ್ಕೆ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ ತುಂಬುತ್ತೇವೆ. ಅಕ್ರಿಲಿಕ್ ಪುಡಿ ಮೂರು ಪಾಲು, ಅದನ್ನು ಕಲಸುವ ಮಾನೋಮರ್ ಎಂಬ ದ್ರವ ಒಂದು ಪಾಲು. ಕಲಸಿದ್ದು ಕೈಗಂಟದ ಕಣಕದ ಹದಕ್ಕೆ ಬಂದಾಗ ತುಂಬಬೇಕು. ನಂತರ ನೀರಿನಲ್ಲಿ 74 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಗಂಟೆ ಇಟ್ಟು, ಆಮೇಲೆ 100 ಡಿಗ್ರಿಗೆ ಏರಿಸಿ ಒಂದು ಗಂಟೆ ಬೇಯಿಸುವುದು ರೂಢಿಯಲ್ಲಿರುವ ಕ್ರಮಗಳಲ್ಲಿ ಒಂದು. ಮಾನೋಮರ್ ಕುದಿಯುವುದು ಸುಮಾರು 100.8 ಡಿಗ್ರಿಯಲ್ಲಿ, ಅಕ್ರಿಲಿಕ್ ಗಟ್ಟಿಯಾಗುವಾಗ ತಾನೂ ಶಾಖ ಬಿಡುವುದರಿಂದ, ಆರಂಭದಲ್ಲೇ ನೀರು ಕುದಿಸಿಬಿಟ್ಟರೆ ದಪ್ಪನೆಯ ಭಾಗದ ಒಳಗಿನ ಮಾನೋಮರ್ ಆವಿಯಾಗಿ ಸಣ್ಣ ಸಣ್ಣ ರಂಧ್ರಗಳು ಉಳಿದುಬಿಡುತ್ತವೆ. ಆ ಸೆಟ್ಟು ನೋಡಲು ಚೆನ್ನಾಗಿಯೇ ಇರಬಹುದು, ಆದರೆ ಬೇಗ ಮುರಿಯುತ್ತದೆ, ರಂಧ್ರಗಳಲ್ಲಿ ಕೊಳೆ ನಿಂತು ವಾಸನೆ ಬರುತ್ತದೆ. ಬೆಂದ ಫ್ಲಾಸ್ಕನ್ನು ಅವಸರಕ್ಕೆ ತಣ್ಣೀರಿಗೆ ಹಾಕಿದರೆ ಸೆಟ್ಟು ಸೊಟ್ಟಗಾಗಿ ಅಂಗುಳಕ್ಕೆ ಕೂರುವುದಿಲ್ಲ. ಸಂಜೆಯ ಬಸ್ಸಿಗೆ ಪಾರ್ಸೆಲ್ ಕೊಡಬೇಕೆಂಬ ಒತ್ತಡವಿರುವ ಲ್ಯಾಬಿನಲ್ಲಿ ಕಾರಣ ಬಲ್ಲವನು ಮಾತ್ರ 'ಇವತ್ತು ಆಗುವುದಿಲ್ಲ' ಎಂದು ಧೈರ್ಯವಾಗಿ ಹೇಳಬಲ್ಲ.

ನಮ್ಮ ಮಲೆನಾಡಿನಲ್ಲಿ ಈ ಕೆಲಸಕ್ಕೆ ಬೇರೆ ಊರುಗಳಿಗಿಲ್ಲದ ಕೆಲವು ತೊಡಕುಗಳೂ ಇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿರುವ ತೇವವನ್ನು ಹೀರಿಕೊಂಡ ಪ್ಲಾಸ್ಟರ್ ಒಮ್ಮೆ ನಿರೀಕ್ಷೆಗಿಂತ ಬೇಗ, ಇನ್ನೊಮ್ಮೆ ಬಹಳ ತಡವಾಗಿ ಗಟ್ಟಿಯಾಗುತ್ತದೆ, ಗಟ್ಟಿಯಾದದ್ದೂ ಬಲವಾಗಿರುವುದಿಲ್ಲ. ಆಗುಂಬೆಯ ಕಡೆ ಮಳೆ ಹಿಡಿದು ಕರೆಂಟು ಹೋದರೆ ಅರ್ಧ ಬೆಂದ ಫ್ಲಾಸ್ಕಿನ ಗತಿ ಏನೆಂದು ಪಠ್ಯಪುಸ್ತಕ ಹೇಳುವುದಿಲ್ಲ. ಆಲ್ಜಿನೇಟ್ ಎಂಬ ಮೆತ್ತನೆಯ ವಸ್ತುವಿನಲ್ಲಿ ತೆಗೆದ ಅಳತೆಗೆ 10–15 ನಿಮಿಷದೊಳಗೆ ಸ್ಟೋನ್ (ಹೆಚ್ಚು ಗಟ್ಟಿಯಾಗುವ ಪ್ಲಾಸ್ಟರ್) ಹೊಯ್ಯದಿದ್ದರೆ ಅದು ನೀರು ಬಿಟ್ಟು ಕುಗ್ಗುತ್ತದೆ. ಆದ್ದರಿಂದ ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ತೆಗೆದ ಅಳತೆಯನ್ನು ಹಾಗೆಯೇ ಬಸ್ಸಿನಲ್ಲಿ ಕಳಿಸುವಂತಿಲ್ಲ. ಕ್ಲಿನಿಕ್ಕಿನಲ್ಲೇ ಯಾರಾದರೂ ಅಚ್ಚು ಹೊಯ್ದು ಕೊಡಬೇಕು, ಹಾಗೆ ಹೊಯ್ಯುವವರಿಗೂ ಹದ ಗೊತ್ತಿರಬೇಕು.

ಇನ್ನು ಅಡಿಕೆ. ಅಡಿಕೆಯಿಂದಲೇ ಬದುಕುವ ಜಿಲ್ಲೆಯಲ್ಲಿ ಕುಳಿತು ಅದನ್ನು ಬೈಯುವ ಮನಸ್ಸು ನನಗೂ ಇಲ್ಲ, ಆದರೆ ಲ್ಯಾಬಿನ ಮೇಜಿನ ಮೇಲೆ ಅದರ ಗುರುತು ಕಾಣುವುದನ್ನು ಅಲ್ಲಗಳೆಯಲಾಗದು. ದಶಕಗಳ ಕಾಲ ಕವಳ (ಎಲೆಅಡಿಕೆ) ಹಾಕಿದವರ ಅಚ್ಚಿನಲ್ಲಿ ಉಳಿದಿರುವ ಹಲ್ಲುಗಳು ಸವೆದು ಚಪ್ಪಟೆಯಾಗಿರುತ್ತವೆ. ಎದುರು ಹಲ್ಲಿಗೆ ಕ್ಯಾಪ್ ಕೂರಿಸಲು ಎತ್ತರವೇ ಸಿಗುವುದಿಲ್ಲ. ಅಡಿಕೆ ಜಗಿತದಿಂದ ಕೆನ್ನೆಯ ಒಳಪದರ ಬಿರುಸಾಗಿ ಬಾಯಿ ತೆರೆಯಲಾಗದ ಸ್ಥಿತಿ ಬಂದವರಿಗೆ ಅಳತೆ ತೆಗೆಯುವ ಸಾಮಾನ್ಯ ಟ್ರೇ ಬಾಯೊಳಗೆ ಹೋಗುವುದೇ ಇಲ್ಲ. ಎರಡು ಭಾಗವಾಗಿ ಅಳತೆ ತೆಗೆದು, ಜೋಡಿಸಿ, ಸೆಟ್ಟನ್ನೂ ಕೆಲವೊಮ್ಮೆ ಎರಡು ಭಾಗದಲ್ಲಿ ತಯಾರಿಸಬೇಕಾಗುತ್ತದೆ. ಇಂಥ ಕೆಲಸವನ್ನು ನೋಡಿ ಕಲಿಯುವ ಅವಕಾಶ ನಮ್ಮಲ್ಲಿ ಧಾರಾಳವಾಗಿದೆ. ಹೊಸ ಸೆಟ್ಟು ಕೈಗೆ ಬಂದೊಡನೆ ಹಿರಿಯರು ಕೇಳುವ ಮೊದಲ ಪ್ರಶ್ನೆ 'ಅಡಿಕೆ ಜಗಿಯಬಹುದಲ್ಲ?' ಎಂಬುದೇ ಎಂದು ವೈದ್ಯರೊಬ್ಬರು ನಗುತ್ತಾ ಹೇಳಿದ್ದು ನೆನಪಿದೆ.

ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲು ಕಟ್ಟಿಸಿಕೊಡುವ ದಂತಭಾಗ್ಯ ಯೋಜನೆಯನ್ನು ನಮ್ಮ ರಾಜ್ಯವೇ ತಂದಿತು. ಯೋಜನೆಯ ಮಾತು ಬಂದಾಗ ವೈದ್ಯರ, ಕಾಲೇಜುಗಳ, ಫಲಾನುಭವಿಗಳ ಪ್ರಸ್ತಾಪ ಬರುತ್ತದೆ. ಆ ಸೆಟ್ಟುಗಳನ್ನು ತಯಾರಿಸುವ ಕೈಗಳು ಎಷ್ಟಿವೆ, ಅವುಗಳಲ್ಲಿ ತರಬೇತಿ ಪಡೆದವು ಎಷ್ಟು ಎಂಬ ಪ್ರಶ್ನೆಯನ್ನೂ ಅದರೊಂದಿಗೆ ಕೇಳಬೇಕಾಗಿತ್ತು.

ಕಂಪ್ಯೂಟರ್ ಬಂದಿದೆಯಲ್ಲ, ಇನ್ನು ಕೈಕೆಲಸ ಏಕೆ ಎನ್ನುವವರಿದ್ದಾರೆ. ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತುವಿನ ಕ್ಯಾಪನ್ನು ಈಗ ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿ ಯಂತ್ರದಲ್ಲಿ ಕೆತ್ತುವುದು ನಿಜ. ಆದರೆ ಕುಲುಮೆಯಲ್ಲಿ ಸುಮಾರು 1500 ಡಿಗ್ರಿಯಲ್ಲಿ ಸುಡುವಾಗ ಅದು ಹೆಚ್ಚುಕಡಿಮೆ ಐದನೇ ಒಂದು ಭಾಗದಷ್ಟು ಕುಗ್ಗುವುದರಿಂದ ಮೊದಲೇ ಅಷ್ಟು ದೊಡ್ಡದಾಗಿ ಕೆತ್ತಿರಬೇಕು. ಯಂತ್ರ ಆ ಲೆಕ್ಕವನ್ನು ಹಾಕಿಕೊಡುತ್ತದೆ; ಹಲ್ಲಿನ ಮೇಲ್ಮೈಯ ಏರುತಗ್ಗು ಎದುರು ಹಲ್ಲಿಗೆ ಎಲ್ಲಿ ತಾಗಬೇಕು, ಎಲ್ಲಿ ತಾಗಬಾರದು ಎಂಬುದನ್ನು ಪರದೆಯ ಮೇಲೂ ಮನುಷ್ಯನೇ ತೀರ್ಮಾನಿಸಬೇಕು. ಮೇಣದಲ್ಲಿ ಹಲ್ಲು ಕೆತ್ತಿದ ಅನುಭವ ಇದ್ದವನಿಗೆ ಅದು ಸುಲಭ.

ತರಬೇತಿಯ ಕೊರತೆಯಿಂದ ಕೆಲಸ ಮಾಡುವವನ ದೇಹಕ್ಕೂ ಪೆಟ್ಟಿದೆ. ಲೋಹದ ಎರಕಕ್ಕೆ ಅಚ್ಚು ಮಾಡಲು ಬಳಸುವ ಇನ್ವೆಸ್ಟ್‌ಮೆಂಟ್ ಪುಡಿಯಲ್ಲಿ ಸಿಲಿಕಾ ಇರುತ್ತದೆ. ಅದರ ಧೂಳನ್ನು ವರ್ಷಗಟ್ಟಲೆ ಉಸಿರಾಡಿದರೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಬರಬಹುದು, ಅದು ಗುಣವಾಗುವ ಕಾಯಿಲೆಯಲ್ಲ. ಮಾನೋಮರಿನ ಆವಿಯಿಂದ ಕಣ್ಣು, ಗಂಟಲು ಉರಿಯುತ್ತವೆ, ಬರಿಗೈಯಲ್ಲಿ ಮುಟ್ಟುವವರ ಬೆರಳಿನ ಚರ್ಮ ಒಡೆಯುತ್ತದೆ. ಹಿಂದೆ ನಾನು ಕೆಲಸ ಮಾಡಿದ ಒಂದು ಲ್ಯಾಬಿನಲ್ಲಿ ಗ್ರೈಂಡಿಂಗ್ ಮಾಡುವ ಕೋಣೆಗೆ ಕಿಟಕಿಯೇ ಇರಲಿಲ್ಲ, ಮೂಗಿಗೆ ಕಟ್ಟಿಕೊಳ್ಳಲು ಕರವಸ್ತ್ರವೇ ಗತಿಯಾಗಿತ್ತು. ಧೂಳು ಎಳೆಯುವ ಯಂತ್ರ ಬೇಕೆಂದು ಕೇಳಲು, ಅದು ಇರಲೇಬೇಕಾದ ವಸ್ತು ಎಂಬುದಾದರೂ ನಮಗೆ ತಿಳಿದಿರಬೇಕಿತ್ತು.

ಎರಡು ವರ್ಷ ಸಂಬಳ ಬಿಟ್ಟು, ಮನೆಗೆ ಹಣ ಕಳಿಸುವುದನ್ನು ನಿಲ್ಲಿಸಿ ಕಾಲೇಜು ಸೇರುವುದು ಈಗಾಗಲೇ ದುಡಿಯುತ್ತಿರುವವರಿಂದ ಸಾಧ್ಯವಿಲ್ಲ. ವಿಜ್ಞಾನ ಓದದವರಿಗಂತೂ ಆ ಬಾಗಿಲು ಮುಚ್ಚಿಯೇ ಇದೆ. ಹೊಸದಾಗಿ ಬರುವವರಿಗೆ ಪಿಯುಸಿ ವಿಜ್ಞಾನದ ನಿಯಮ ಇರಲಿ, ಅದನ್ನು ಸಡಿಲಿಸಬೇಕೆಂದು ನಾನು ಹೇಳುತ್ತಿಲ್ಲ. ಈಗಾಗಲೇ ಲ್ಯಾಬಿನಲ್ಲಿ ಇಷ್ಟು ವರ್ಷ ದುಡಿದಿದ್ದೇನೆಂದು ತೋರಿಸಬಲ್ಲವರಿಗೆ, 1948ರ ಕಾಯ್ದೆ ಅಂದಿನ ಕಸುಬುದಾರರಿಗೆ ಕೊಟ್ಟಿದ್ದಂಥ ಅವಕಾಶವನ್ನು, ಈ ಬಾರಿ ಪರೀಕ್ಷೆಯ ಷರತ್ತಿನೊಂದಿಗೆ, ಒಮ್ಮೆ ಕೊಡಬೇಕೆಂಬುದು ನನ್ನ ಕೋರಿಕೆ. ಶಿವಮೊಗ್ಗದಲ್ಲಿ ದಂತ ವೈದ್ಯಕೀಯ ಕಾಲೇಜೂ ಇದೆ, ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಇದೆ. ರಾಜ್ಯದ ಆರೋಗ್ಯ ಮತ್ತು ವೈದ್ಯಕೀಯ ಶಿಕ್ಷಣ ಇಲಾಖೆಗಳು ಇಂಥ ಸಂಸ್ಥೆಗಳ ನೆರವಿನಿಂದ ಸಂಜೆಯ ಅಥವಾ ಭಾನುವಾರದ ತರಗತಿಗಳನ್ನು ಕನ್ನಡದಲ್ಲಿ ನಡೆಸಲಿ: ಹಲ್ಲಿನ ರಚನೆ, ಬಳಸುವ ವಸ್ತುಗಳ ಗುಣ, ಸೋಂಕು ತಡೆ, ಧೂಳಿನಿಂದ ರಕ್ಷಣೆ, ಇಷ್ಟು ಹೇಳಿಕೊಟ್ಟರೆ ಸಾಕು. ಪರೀಕ್ಷೆಯಲ್ಲಿ ಒಂದು ಅಳತೆ ಕೊಟ್ಟು, ಅಚ್ಚು ಹೊಯ್ಯುವುದರಿಂದ ಪಾಲಿಶ್ ಮಾಡುವವರೆಗೆ ಒಂದು ಪೂರ್ತಿ ಸೆಟ್ಟನ್ನು ಅವರಿಂದಲೇ ಮಾಡಿಸಿ, ಅದನ್ನು ಬೋಧಕ ವೈದ್ಯರು ಪರಿಶೀಲಿಸಲಿ. ಒಪ್ಪಿಗೆಯಾದವರ ಹೆಸರು ರಾಜ್ಯದ ನೋಂದಣಿ ಪಟ್ಟಿಗೆ ಹೋಗಲಿ, ಆಗದವರು ಮುಂದಿನ ಬಾರಿ ಮತ್ತೆ ಬರಲಿ.

ಇತಿ,
ಡೆಂಟಲ್ ಟೆಕ್ನಿಷಿಯನ್ ಒಬ್ಬರು,
ಶಿವಮೊಗ್ಗ